ಕರಿ ಕೋಟಿನ ಒಳಜೇಬು: ಬಿಲ್ ವಿಲ್ಸನ್ ಬದುಕು ಬೆಳಗಾವಿಗೆ ಯಾಕೆ ಬೇಕು?

1935ರ ಜೂನ್ ತಿಂಗಳ ಕೊನೆ. ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ನಗರದ ಆಸ್ಪತ್ರೆಯಲ್ಲಿ ಒಬ್ಬ ವಕೀಲನನ್ನು ಮಂಚಕ್ಕೆ ಕಟ್ಟಿಹಾಕಿದ್ದರು. ಬಿಲ್ ಡಾಟ್ಸನ್ ಅಂತ ಹೆಸರು. ಊರಲ್ಲಿ ಹೆಸರು ಮಾಡಿದ್ದ ವಕೀಲ, ಹಿಂದೆ ಪುರಸಭೆಗೆ ಆರಿಸಿ ಬಂದಿದ್ದವ, ಚರ್ಚಿನ ಕೆಲಸಗಳಲ್ಲೂ ಮುಂದೆ ನಿಲ್ಲುತ್ತಿದ್ದವ. ಕುಡಿತದಿಂದಾಗಿ ಆರು ತಿಂಗಳಲ್ಲಿ ಎಂಟನೇ ಸಲ ಆಸ್ಪತ್ರೆ ಸೇರಿದ್ದ. ಈ ಸಲ ಅಮಲು ಇಳಿಯುವ ಹೊತ್ತಿನ ಹುಚ್ಚಿನಲ್ಲಿ ನರ್ಸುಗಳ ಮೇಲೂ ಕೈ ಮಾಡಿದ್ದ.

ಅವನ ಮಂಚದ ಪಕ್ಕ ಇಬ್ಬರು ಬಂದು ಕೂತರು. ಒಬ್ಬ ಅದೇ ಊರಿನ ಸರ್ಜನ್. ಇನ್ನೊಬ್ಬ ನ್ಯೂಯಾರ್ಕಿನವ, ಷೇರುಪೇಟೆಯಲ್ಲಿ ಕಂಪನಿಗಳ ಲೆಕ್ಕ ನೋಡುತ್ತಿದ್ದವ, ಆಗ ಜೇಬಲ್ಲಿ ಕಾಸಿಲ್ಲದವ. ಇಬ್ಬರೂ ವಕೀಲನಿಗೆ ಬುದ್ಧಿ ಹೇಳಲಿಲ್ಲ, ಹೆಂಡತಿ ಮಕ್ಕಳ ಮುಖ ನೋಡು ಅನ್ನಲಿಲ್ಲ. ತಾವು ಹೇಗೆ ಕುಡಿದು ಹಾಳಾದೆವು ಅನ್ನೋದನ್ನ ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಜುಲೈ 4ರಂದು ಡಾಟ್ಸನ್ ಆಸ್ಪತ್ರೆಯಿಂದ ಹೊರಬಂದ. ಒಂದು ವಾರದೊಳಗೆ ಕೋರ್ಟಿನಲ್ಲಿ ನಿಂತು ಕೇಸು ವಾದಿಸಿದ. 1954ರಲ್ಲಿ ಸಾಯುವವರೆಗೂ ಮತ್ತೆ ಕುಡಿಯಲಿಲ್ಲ.

ಆ ನ್ಯೂಯಾರ್ಕಿನವನೇ ಬಿಲ್ ವಿಲ್ಸನ್. ಸರ್ಜನ್ ಡಾಕ್ಟರ್ ಬಾಬ್ ಸ್ಮಿತ್. ಇಬ್ಬರೂ ಸೇರಿ ಶುರು ಮಾಡಿದ್ದು ಇವತ್ತು ಜಗತ್ತಿನ ತುಂಬ ಹರಡಿರುವ ಆಲ್ಕೊಹಾಲಿಕ್ಸ್ ಅನಾನಿಮಸ್, ಚಿಕ್ಕದಾಗಿ ಎಎ. ಅದರ ಮೊದಲ ಮೂವರನ್ನೇ ನೋಡಿ: ಕಾನೂನು ಓದಿದ ಷೇರುಪೇಟೆ ವಿಶ್ಲೇಷಕ, ಸರ್ಜನ್, ವಕೀಲ. ಕುಡಿತ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಗಟಾರದ ಪಕ್ಕ ಬಿದ್ದ ಕೂಲಿ ಕಾರ್ಮಿಕ. ಆದರೆ ಚಟದಿಂದ ಹೊರಬರೋ ದಾರಿ ಹುಡುಕಿದ ಈ ದೊಡ್ಡ ಚಳವಳಿ ಹುಟ್ಟಿದ್ದು ಟೈ ಕಟ್ಟಿಕೊಂಡವರ ನಡುವೆ.

ಶಿವಬಸವ ನಗರದಲ್ಲಿ ಕೂತು ಈ ಕತೆ ಯಾಕೆ ಬರೀಬೇಕು? ಇದು ಓದುವವರ ಬಡಾವಣೆ. ಇಂಜಿನಿಯರಿಂಗ್ ಕಾಲೇಜು, ಮಠದ ಪ್ರಸಾದ ನಿಲಯ, ಬಾಡಿಗೆ ರೂಮುಗಳು. ಇಂತಹ ರೂಮುಗಳಲ್ಲಿದ್ದು ಓದಿದವರೇ ನಾಳೆ ವಕೀಲರು, ಡಾಕ್ಟರು, ಇಂಜಿನಿಯರು, ಪತ್ರಕರ್ತರು ಆಗ್ತಾರೆ. ಅವರಲ್ಲಿ ಒಬ್ಬರು ಚಟಕ್ಕೆ ಬಿದ್ದರೆ ಊರಿಗೆ ಗೊತ್ತಾಗೋದು ತುಂಬಾ ತಡವಾಗಿ, ಅದೂ ಪಿಸುಮಾತಿನಲ್ಲಿ.

ಬಾರಿನ ಹಿಂದಿನ ಕೋಣೆ

ವಿಲಿಯಂ ಗ್ರಿಫಿತ್ ವಿಲ್ಸನ್ ಹುಟ್ಟಿದ್ದು 1895ರ ನವೆಂಬರ್ 26ರಂದು, ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಅನ್ನೋ ಹಳ್ಳಿಯಲ್ಲಿ. ಅಜ್ಜಿ ನಡೆಸುತ್ತಿದ್ದ ಸಣ್ಣ ಹೋಟೆಲಿನಲ್ಲಿ, ಬಾರಿನ ಹಿಂದಿನ ಕೋಣೆಯಲ್ಲಿ. ಅಪ್ಪನ ಅಪ್ಪ ದೊಡ್ಡ ಕುಡುಕ. ಆತ ಒಂದು ದಿನ ಊರ ಪಕ್ಕದ ಬೆಟ್ಟ ಹತ್ತಿ, ಅಲ್ಲಿ ದೇವರ ಅನುಭವ ಆಯಿತೆಂದು ಹೇಳಿಕೊಂಡು ಇಳಿದು ಬಂದು, ಆಮೇಲೆ ಕುಡಿಯಲಿಲ್ಲ ಅನ್ನೋದು ಮನೆಯಲ್ಲಿ ಹೇಳಿಕೊಂಡು ಬಂದ ಕತೆ.

ಹುಡುಗನಿಗೆ ಹತ್ತು ವರ್ಷ ಆಗೋ ಹೊತ್ತಿಗೆ, ಕಲ್ಲು ಗಣಿ ನೋಡಿಕೊಳ್ಳುತ್ತಿದ್ದ ಅಪ್ಪ ಮನೆ ಬಿಟ್ಟು ಹೋದ. ಅಮ್ಮ ವೈದ್ಯಕೀಯ ಓದಲು ಬಾಸ್ಟನ್ನಿಗೆ ಹೋದಳು. ಬಿಲ್ ಮತ್ತು ತಂಗಿ ತಾಯಿಯ ತಂದೆ ತಾಯಿಯ ಬಳಿ ಉಳಿದರು. ಈ ಅಜ್ಜ ಒಮ್ಮೆ, ಬೂಮರಾಂಗ್ ಮಾಡೋದು ಆಸ್ಟ್ರೇಲಿಯಾದವರಿಗೆ ಬಿಟ್ಟು ಬೇರೆಯವರಿಗೆ ಬರಲ್ಲ ಅಂದನಂತೆ. ಹುಡುಗ ತಿಂಗಳುಗಟ್ಟಲೆ ಮರ ಕೆತ್ತಿದ, ಕೊನೆಗೆ ತನ್ನ ಮಂಚದ ಹಲಗೆಯನ್ನೇ ಕೊಯ್ದ. ಬೂಮರಾಂಗ್ ತಿರುಗಿ ಬಂತು. ಮೊದಲನೆಯವನಾಗಬೇಕು, ಇಲ್ಲಾಂದ್ರೆ ಏನೂ ಅಲ್ಲ ಅನ್ನೋ ಹಟ ಅಲ್ಲಿಂದಲೇ ಶುರು.

1912ರಲ್ಲಿ ಶಾಲೆಯಲ್ಲಿ ಪ್ರೀತಿಸಿದ್ದ ಹುಡುಗಿ ಶಸ್ತ್ರಚಿಕಿತ್ಸೆಯ ನಂತರ ಸತ್ತಳು. ಬಿಲ್ ಹಾಸಿಗೆ ಹಿಡಿದ, ಓದು ನಿಂತಿತು. ಈ ಖಿನ್ನತೆ ಜೀವನಪೂರ್ತಿ ಬಂದು ಹೋಗಿ ಮಾಡುತ್ತಲೇ ಇತ್ತು. ಇದನ್ನು ಇಲ್ಲೇ ಗುರುತು ಹಾಕಿಕೊಳ್ಳಿ. ಕುಡಿತ ಬರೋದಕ್ಕೆ ಮುಂಚೆಯೇ ಮನಸ್ಸಿನ ನೋವು ಇತ್ತು, ಕುಡಿತ ಹೋದ ಮೇಲೂ ಇತ್ತು.

ಕೈ ತಪ್ಪಿದ ಪದವಿ

ಮೊದಲ ಮಹಾಯುದ್ಧದ ಹೊತ್ತಿಗೆ ಬಿಲ್ ಸೇನೆಯಲ್ಲಿ ಕಿರಿಯ ಅಧಿಕಾರಿ. 1917ರಲ್ಲಿ ಮ್ಯಾಸಚೂಸೆಟ್ಸಿನ ನ್ಯೂ ಬೆಡ್‌ಫರ್ಡ್ ಊರಲ್ಲಿ ಶ್ರೀಮಂತರ ಮನೆಯ ಪಾರ್ಟಿಗೆ ಹೋದಾಗ ಯಾರೋ ಕೈಗೆ ಕಾಕ್‌ಟೇಲ್ ಕೊಟ್ಟರು. ಹಳ್ಳಿಯಿಂದ ಬಂದ, ಎತ್ತರದ, ನಾಲ್ಕು ಜನರ ನಡುವೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗದ ಹುಡುಗನಿಗೆ ಅವತ್ತು ತಾನೂ ಆ ಗುಂಪಿನವನೇ ಅನ್ನಿಸಿತು. ಕುಡಿತ ಅವನಿಗೆ ಮೊದಲು ಕೊಟ್ಟಿದ್ದು ಜಾಗ. ನಮ್ಮ ಮೊದಲ ತಲೆಮಾರಿನ ಪದವೀಧರರಿಗೆ, ಇಂಗ್ಲಿಷ್ ಮಾತಾಡೋ ಸೀನಿಯರುಗಳ ಪಾರ್ಟಿಯಲ್ಲಿ ಮೊದಲ ಗ್ಲಾಸು ಕೊಡೋದೂ ಇದನ್ನೇ.

1918ರ ಜನವರಿ 24ರಂದು ಲೋಯಿಸ್ ಬರ್ನಮ್ ಜೊತೆ ಮದುವೆ. ಯುದ್ಧದಿಂದ ಬಂದ ಮೇಲೆ ಬ್ರೂಕ್ಲಿನ್ ಲಾ ಸ್ಕೂಲಿನಲ್ಲಿ ರಾತ್ರಿ ತರಗತಿ, ಹಗಲು ವಿಮಾ ಕಂಪನಿಯೊಂದರಲ್ಲಿ ವಂಚನೆ ಪ್ರಕರಣಗಳ ತನಿಖೆ. ಒಂದು ಅಂತಿಮ ಪರೀಕ್ಷೆಯ ದಿನ ಓದಲೂ ಬರೆಯಲೂ ಆಗದಷ್ಟು ಕುಡಿದಿದ್ದ. ಪದವಿ ಕೈಗೆ ಬರಲಿಲ್ಲ, ವಕೀಲನಾಗಲಿಲ್ಲ.

ದಡ್ಡನಂತೂ ಆಗಿರಲಿಲ್ಲ. 1925ರಲ್ಲಿ ಗಂಡ ಹೆಂಡತಿ ಸೈಡ್‌ಕಾರ್ ಇರೋ ಮೋಟಾರ್ ಸೈಕಲ್ ಹತ್ತಿ ಹೊರಟರು. ಕಾರ್ಖಾನೆಗಳ ಬಾಗಿಲಿಗೇ ಹೋಗಿ ಕಂಪನಿಗಳ ನಿಜವಾದ ಸ್ಥಿತಿ ನೋಡಿ ವಾಲ್‌ಸ್ಟ್ರೀಟಿಗೆ ವರದಿ ಕಳಿಸಿದರು. ಆ ಕಾಲಕ್ಕೆ ಇದು ಹೊಸ ಐಡಿಯಾ. ದುಡ್ಡು ಬಂತು, ಕುಡಿತವೂ ಬೆಳೆಯಿತು. ಅಮೆರಿಕದಲ್ಲಿ ಆಗ ದೇಶಾದ್ಯಂತ ಪಾನನಿಷೇಧ ಇತ್ತು ಅನ್ನೋದನ್ನ ಮರೀಬೇಡಿ. 1920ರಿಂದ 1933ರವರೆಗೆ, ಅಂದರೆ ವಿಲ್ಸನ್ ಕುಡಿದು ನಾಶವಾದ ವರ್ಷಗಳ ಬಹುಪಾಲು, ಮದ್ಯ ಮಾರೋದೇ ಕಾನೂನುಬಾಹಿರ. ಅವನಿಗೆ ಒಂದು ದಿನವೂ ಬಾಟ್ಲಿಗೆ ಕೊರತೆ ಆಗಲಿಲ್ಲ.

1929ರಲ್ಲಿ ಷೇರುಪೇಟೆ ಕುಸಿಯಿತು. ವಿಲ್ಸನ್ ಮೇಲೇಳಲಿಲ್ಲ. ಬ್ರೂಕ್ಲಿನ್‌ನ ಕ್ಲಿಂಟನ್ ಸ್ಟ್ರೀಟಿನ ಮಾವನ ಮನೆಗೆ ಬಂದು ಬಿದ್ದ. ಲೋಯಿಸ್ ಬಟ್ಟೆ ಸಾಮಾನಿನ ದೊಡ್ಡ ಮಳಿಗೆಯಲ್ಲಿ ಕೆಲಸಕ್ಕೆ ಸೇರಿ ಮನೆ ನಡೆಸಿದಳು. ಗಂಡ ಅವಳ ಪರ್ಸಿನಿಂದ ದುಡ್ಡು ಕದ್ದು ಕುಡಿಯುತ್ತಿದ್ದ. ಬೈಬಲ್ ಮೇಲೆ ಕೈಯಿಟ್ಟು ಆಣೆ ಮಾಡಿದ, ಬರೆದು ಸಹಿ ಹಾಕಿಕೊಟ್ಟ, ಮತ್ತೆ ಕುಡಿದ.

ಡಾಕ್ಟರು ಹೇಳಿದ್ದು, ಗೆಳೆಯ ತೋರಿಸಿದ್ದು

1933 ಮತ್ತು 1934ರಲ್ಲಿ ನಾಲ್ಕು ಸಲ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆ ಸೇರಿದ. ಅಲ್ಲಿನ ವೈದ್ಯ ವಿಲಿಯಂ ಸಿಲ್ಕ್‌ವರ್ತ್ ಆ ಕಾಲಕ್ಕೆ ಅಪರೂಪದ ಮಾತು ಹೇಳುತ್ತಿದ್ದರು. ಇದು ನಡತೆಗೆಟ್ಟವರ ತಪ್ಪಲ್ಲ, ಕಾಯಿಲೆ. ಒಂದು ಗುಟುಕು ಒಳಗೆ ಹೋದರೆ ದೇಹ ನಿಲ್ಲಿಸೋಕೆ ಬಿಡಲ್ಲ. ಕುಡಿಯದೆ ಇದ್ದಾಗ ತಲೆ ಆ ಮೊದಲ ಗುಟುಕಿನಿಂದ ದೂರ ಇರೋಕೆ ಬಿಡಲ್ಲ. ವಿಲ್ಸನ್‌ಗೆ ಸಮಾಧಾನ ಆಯಿತು. ತನ್ನ ಕಾಯಿಲೆ ಏನು ಅಂತ ಪೂರ್ತಿ ಅರ್ಥವಾಯಿತು. ಮನೆಗೆ ಹೋಗಿ ಮತ್ತೆ ಕುಡಿದ. ಮಾಹಿತಿ ಸಾಕಾಗಲಿಲ್ಲ. ತಿಳಿವಳಿಕೆ ಇದ್ದವರಿಗೆ ಚಟ ಹತ್ತಲ್ಲ ಅಂತ ನಂಬಿರೋ ನಾವು ಓದಿದವರು ಇಲ್ಲೊಂದು ಕ್ಷಣ ನಿಲ್ಲಬೇಕು.

1934ರ ನವೆಂಬರ್ ಕೊನೆಯಲ್ಲಿ ಎಬಿ ಥ್ಯಾಚರ್ ಮನೆಗೆ ಬಂದ. ಹಳೇ ಕುಡಿತದ ಗೆಳೆಯ. ಕುಡಿದು ಮಾಡಿದ ಗಲಾಟೆಗೆ ಕೋರ್ಟ್ ಕಟ್ಟೆ ಹತ್ತಿದ್ದವ. ಅವನನ್ನು ಬಂಧನದಲ್ಲಿ ಇಡೋ ಬದಲು, ಕುಡಿತ ಬಿಟ್ಟಿದ್ದ ಒಬ್ಬರು ನಾನು ನೋಡಿಕೊಳ್ತೀನಿ ಅಂತ ಕರೆದುಕೊಂಡು ಹೋಗಿದ್ದರು. ಆಕ್ಸ್‌ಫರ್ಡ್ ಗ್ರೂಪ್ ಅನ್ನೋ ಕ್ರೈಸ್ತ ಬಳಗದ ಜೊತೆ ಸೇರಿ ಎಬಿ ಈಗ ಕುಡೀತಾ ಇರಲಿಲ್ಲ. ವಿಲ್ಸನ್ ಗ್ಲಾಸು ಮುಂದಿಟ್ಟ, ಎಬಿ ಬೇಡ ಅಂದ. ದೇವರು ಧರ್ಮ ಅಂದರೆ ಮೂಗು ಮುರಿಯುತ್ತಿದ್ದ ವಿಲ್ಸನ್‌ಗೆ ಆ ಬಳಗದ ಮಾತು ಹಿಡಿಸಲಿಲ್ಲ. ಆದರೆ ಎದುರಿಗೆ ಕೂತ ಮನುಷ್ಯನನ್ನು ಸುಳ್ಳು ಅನ್ನೋಕಾಗಲಿಲ್ಲ.

ಡಿಸೆಂಬರ್ 11ರಂದು ಕೊನೆಯ ಸಲ ಆಸ್ಪತ್ರೆಗೆ ಹೋದ. ಅಲ್ಲೊಂದು ರಾತ್ರಿ ಕೋಣೆಯೆಲ್ಲ ಬೆಳಕಾದ ಹಾಗೆ ಅನುಭವ ಆಯಿತು ಅಂತ ಮುಂದೆ ಹೇಳಿಕೊಂಡ. ಔಷಧದ ಪರಿಣಾಮವೂ ಇರಬಹುದು ಅಂತ ಅನೇಕರು ಬರೆದಿದ್ದಾರೆ, ಯಾಕೆಂದರೆ ಆ ಆಸ್ಪತ್ರೆಯಲ್ಲಿ ಬೆಲ್ಲಡೋನಾ ಅನ್ನೋ ಸಸ್ಯದ ಮದ್ದು ಕೊಡುತ್ತಿದ್ದರು. ಏನೇ ಇರಲಿ, ವಿಲ್ಸನ್ ಮತ್ತೆ ಕುಡಿಯಲಿಲ್ಲ. ಆಗ ವಯಸ್ಸು 39.

ಆಕ್ರನ್‌ನ ಹೋಟೆಲ್ ಲಾಬಿ

ಮುಂದಿನ ಐದು ತಿಂಗಳು ಕಂಡಕಂಡ ಕುಡುಕರನ್ನು ಹಿಡಿದು ಉಪದೇಶ ಮಾಡಿದ, ಕೆಲವರನ್ನು ಮನೆಗೇ ಕರೆತಂದ. ಒಬ್ಬನೂ ಬಿಡಲಿಲ್ಲ. ಸೋತು ಕೂತಾಗ ಲೋಯಿಸ್ ಒಂದು ವಿಷಯ ನೆನಪಿಸಿದಳು: ಅವರು ಬಿಡದಿದ್ದರೇನು, ನೀನಂತೂ ಕುಡಿದಿಲ್ಲವಲ್ಲ.

1935ರ ಮೇ ತಿಂಗಳಲ್ಲಿ ಒಂದು ಕಂಪನಿಯ ಹಿಡಿತಕ್ಕಾಗಿ ನಡೆದ ಷೇರುದಾರರ ಜಗಳದ ಕೆಲಸಕ್ಕೆ ಆಕ್ರನ್‌ಗೆ ಹೋದ. ಕೆಲಸ ಕೆಟ್ಟಿತು. ಜೊತೆಗಿದ್ದವರು ಹೊರಟು ಹೋದರು. ಮೇಫ್ಲವರ್ ಹೋಟೆಲಿನ ಲಾಬಿಯಲ್ಲಿ ಒಬ್ಬನೇ ನಿಂತ. ಒಂದು ಕಡೆ ಬಾರು, ನಗು, ಸದ್ದು. ಇನ್ನೊಂದು ಕಡೆ ಟೆಲಿಫೋನು ಮತ್ತು ಊರಿನ ಚರ್ಚುಗಳ ಪಟ್ಟಿ. ಕುಡಿದುಬಿಡ್ತೀನಿ ಅನ್ನೋ ಭಯದಲ್ಲಿ ಪಟ್ಟಿಯಿಂದ ಒಬ್ಬ ಪಾದ್ರಿಗೆ ಫೋನ್ ಮಾಡಿದ. ತನಗೆ ಮಾತಾಡೋಕೆ ಒಬ್ಬ ಕುಡುಕ ಬೇಕು ಅಂತ ಕೇಳಿದ. ಸುತ್ತಿ ಬಳಸಿ ಆ ಫೋನು ಡಾಕ್ಟರ್ ಬಾಬ್ ತನಕ ಮುಟ್ಟಿತು.

ಬಾಬ್ ಸ್ಮಿತ್ 55 ವರ್ಷದ ಸರ್ಜನ್. ಕುಡಿತದಿಂದ ಹೆಸರು, ರೋಗಿಗಳು, ದುಡ್ಡು ಎಲ್ಲ ಕರಗಿತ್ತು. ಮೇ 12ರಂದು, ಹದಿನೈದು ನಿಮಿಷ ಮಾತ್ರ ಅಂತ ಷರತ್ತು ಹಾಕಿ ಬಂದ. ಮಾತು ಆರು ಗಂಟೆ ದಾಟಿತು. ಬಾಬ್‌ಗೆ ಉಪದೇಶ ಮಾಡಿದವರು ಅದಕ್ಕೂ ಮುಂಚೆ ಬೇಕಾದಷ್ಟು ಜನ ಇದ್ದರು. ಈ ಮನುಷ್ಯ ಮಾತ್ರ, ನಿನ್ನನ್ನು ಉದ್ಧಾರ ಮಾಡೋಕೆ ಬಂದಿಲ್ಲ, ನಿನ್ನ ಜೊತೆ ಮಾತಾಡದಿದ್ದರೆ ನಾನೇ ಉಳಿಯಲ್ಲ ಅನ್ನೋ ರೀತಿಯಲ್ಲಿ ಕೂತಿದ್ದ. ಮೇಲು ಕೀಳು ಅಲ್ಲಿ ಮುರಿದುಬಿತ್ತು.

ಆಮೇಲೂ ಬಾಬ್ ಒಂದು ಸಲ ಜಾರಿದ. ವೈದ್ಯರ ಸಮ್ಮೇಳನಕ್ಕೆ ಹೋದವ ಕುಡಿದು ಪ್ರಜ್ಞೆ ತಪ್ಪಿ ಬಂದ. ಕೆಲವೇ ದಿನಕ್ಕೆ ಒಂದು ಶಸ್ತ್ರಚಿಕಿತ್ಸೆ ಇತ್ತು, ಕೈ ನಡುಗುತ್ತಿತ್ತು. ಅವತ್ತು ಬೆಳಿಗ್ಗೆ ನಡುಕ ನಿಲ್ಲಲಿ ಅಂತ ವಿಲ್ಸನ್ನೇ ಒಂದು ಬಾಟ್ಲಿ ಬಿಯರ್ ಕೊಟ್ಟ. ಆ ದಿನ ಜೂನ್ 10, 1935. ಬಾಬ್ ಕುಡಿದ ಕೊನೆಯ ಬಾಟ್ಲಿ ಅದು. ಎಎ ತನ್ನ ಹುಟ್ಟುದಿನ ಅಂತ ಎಣಿಸೋದು ಅದನ್ನೇ. ಆ ಮೇಜಿನ ಮೇಲೆ ಮಲಗಿದ್ದ ರೋಗಿಯ ಬಗ್ಗೆ ಯೋಚಿಸಿದರೆ ಇವತ್ತಿಗೂ ಮೈ ಜುಮ್ ಅನ್ನುತ್ತೆ. ವೃತ್ತಿಪರರ ಚಟ ಅವರೊಬ್ಬರ ಖಾಸಗಿ ವಿಷಯ ಆಗಿ ಉಳಿಯಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಕೆಲವೇ ದಿನದಲ್ಲಿ ಇಬ್ಬರೂ ಆ ವಕೀಲನ ಮಂಚದ ಪಕ್ಕ ಕೂತಿದ್ದರು.

ದುಡ್ಡು ಬೇಡ, ಅಡ್ಡಹೆಸರು ಬೇಡ

ವಿಲ್ಸನ್‌ಗೆ ಮಹತ್ವಾಕಾಂಕ್ಷೆ ಹೋಗಿರಲಿಲ್ಲ. ಆಸ್ಪತ್ರೆಗಳ ಸರಣಿ, ಸಂಬಳದ ಪ್ರಚಾರಕರು, ದೊಡ್ಡ ಸಂಸ್ಥೆ ಎಲ್ಲ ಕನಸಲ್ಲಿತ್ತು. ಟೌನ್ಸ್ ಆಸ್ಪತ್ರೆಯ ಮಾಲೀಕ ಸಂಬಳ ಕೊಟ್ಟು ಕೆಲಸಕ್ಕೆ ಕರೆದ. ಬಾಕಿಯವರು ಬೇಡ ಅಂದರು: ದುಡ್ಡಿಗೆ ಮಾಡೋ ಕೆಲಸ ಆದರೆ ಸಮಾನತೆ ಹೋಗುತ್ತೆ. ಮನೆಯಲ್ಲಿ ಕಾಸಿಲ್ಲದಿದ್ದರೂ ವಿಲ್ಸನ್ ಒಪ್ಪಿದ. 1938ರಲ್ಲಿ ಕೋಟ್ಯಧಿಪತಿ ಜಾನ್ ಡಿ. ರಾಕ್‌ಫೆಲರ್ ಬಳಿ ದೊಡ್ಡ ಮೊತ್ತ ಕೇಳಿದಾಗ ಸಿಕ್ಕಿದ್ದು 5,000 ಡಾಲರ್ ಮಾತ್ರ. ಹೆಚ್ಚು ದುಡ್ಡು ಇದನ್ನು ಕೆಡಿಸುತ್ತೆ ಅನ್ನೋದು ಅವರ ಅಭಿಪ್ರಾಯವಾಗಿತ್ತು. 1939ರ ಏಪ್ರಿಲ್‌ನಲ್ಲಿ ಪುಸ್ತಕ ಬಂತು, ಅದೇ ತಿಂಗಳು ಮನೆ ಕೈಬಿಟ್ಟಿತು. ಗಂಡ ಹೆಂಡತಿ ಎರಡು ವರ್ಷ ಅವರಿವರ ಮನೆಯಲ್ಲಿ ಕಳೆದರು. 1941ರ ಮಾರ್ಚ್‌ನಲ್ಲಿ ಒಂದು ಜನಪ್ರಿಯ ವಾರಪತ್ರಿಕೆಯ ಲೇಖನ ಬಂದು, ಸುಮಾರು 2,000 ಇದ್ದ ಸದಸ್ಯರು ವರ್ಷದ ಕೊನೆಗೆ 8,000 ಆದರು.

ಬೆಳೆದ ಮೇಲೆ ವಿಲ್ಸನ್ ಬರೆದ ಸಂಪ್ರದಾಯಗಳನ್ನು 1950ರಲ್ಲಿ ಎಎ ಒಪ್ಪಿಕೊಂಡಿತು. ಹೊರಗಿನವರ ದೇಣಿಗೆ ಬೇಡ. ರಾಜಕೀಯ, ಧರ್ಮ, ಪಾನನಿಷೇಧ ಯಾವುದರ ಬಗ್ಗೆಯೂ ಸಂಘಟನೆಯ ನಿಲುವು ಬೇಡ. ನಾಯಕರು ಆಳಬಾರದು. ಹೆಸರು ಹೊರಗೆ ಬರಬಾರದು. ಈ ಕೊನೆಯದನ್ನು ಆತ ತನಗೂ ಹಾಕಿಕೊಂಡ. 1954ರಲ್ಲಿ ಯೇಲ್ ವಿಶ್ವವಿದ್ಯಾಲಯದ ಗೌರವ ಪದವಿ ಬೇಡ ಅಂದ. ಕಾನೂನು ಪದವಿ ಕೈತಪ್ಪಿಸಿಕೊಂಡಿದ್ದ, ಮೊದಲನೆಯವನಾಗಲು ಮಂಚದ ಹಲಗೆ ಕೊಯ್ದಿದ್ದ ಮನುಷ್ಯನಿಗೆ ಇದು ಸಣ್ಣ ತ್ಯಾಗ ಅಲ್ಲ.

ಮೊದಲ ಹೆಸರು ಮಾತ್ರ ಹೇಳೋ ಆ ಪದ್ಧತಿಯ ಬೆಲೆ ಅಮೆರಿಕಕ್ಕಿಂತ ನಮಗೆ ಹೆಚ್ಚು ಗೊತ್ತಾಗಬೇಕು. ಬೆಳಗಾವಿಯಲ್ಲಿ ಅಡ್ಡಹೆಸರು ಹೇಳಿದರೆ ಜಾತಿ ಗೊತ್ತಾಗುತ್ತೆ, ಮನೆಮಾತು ಕನ್ನಡವೋ ಮರಾಠಿಯೋ ಗೊತ್ತಾಗುತ್ತೆ, ಯಾವ ತಾಲ್ಲೂಕಿನ ಯಾವ ಮನೆತನ ಅನ್ನೋದೂ ಗೊತ್ತಾಗುತ್ತೆ. ವಕೀಲ ಸಾಹೇಬರು, ಡಾಕ್ಟರ್ ಸಾಹೇಬರು, ಗೌಡರು ಅಂತ ಕರೆಸಿಕೊಂಡ ಬಾಯಲ್ಲಿ ನನಗೆ ಕೈ ನಡುಗುತ್ತೆ ಅನ್ನೋ ಮಾತು ಬರೋದು ಕಷ್ಟ. ಅಡ್ಡಹೆಸರನ್ನು ಚಪ್ಪಲಿ ಜೊತೆ ಹೊರಗೆ ಬಿಟ್ಟು ಕೂರೋ ಕೋಣೆ ನಮ್ಮೂರಲ್ಲಿ ಎಷ್ಟಿವೆ?

ಸಂತ ಅಂತೂ ಆಗಿರಲಿಲ್ಲ

ವಿಲ್ಸನ್‌ನ ಫೋಟೋಗೆ ಹಾರ ಹಾಕೋ ಕೆಲಸ ಬೇಡ. ಕುಡಿತ ಬಿಟ್ಟು ಹತ್ತು ವರ್ಷ ಆದ ಮೇಲೂ ಖಿನ್ನತೆ ಬಂತು. 1944ರಿಂದ ಸುಮಾರು ಹತ್ತು ವರ್ಷ ಅದರ ಜೊತೆ ಏಗಿದ, ಮನೋವೈದ್ಯರ ಬಳಿ ಹೋದ. 1956ರಲ್ಲಿ ವೈದ್ಯರ ಮೇಲ್ವಿಚಾರಣೆಯಲ್ಲಿ ಎಲ್‌ಎಸ್‌ಡಿ ಪ್ರಯೋಗಕ್ಕೂ ಒಳಗಾದ; ಆಗ ಅದು ಕಾನೂನುಬಾಹಿರ ಆಗಿರಲಿಲ್ಲ. ಹೆಂಡತಿಗೆ ನಿಷ್ಠನಾಗಿ ಇರಲಿಲ್ಲ. ಲೋಯಿಸ್ 1951ರಲ್ಲಿ ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಅನ್ನೋ ಬಳಗ ಕಟ್ಟಿದಳು. ಚಟಕ್ಕೆ ಬಿದ್ದವರ ಜೊತೆ ಬದುಕೋ ಹೆಣ್ಣುಮಕ್ಕಳಿಗೂ ಒಂದು ಕೋಣೆ ಬೇಕು ಅನ್ನೋದು ಅವಳು ಅನುಭವಿಸಿ ಕಂಡುಕೊಂಡಿದ್ದು.

ಸಿಗರೇಟು ಮಾತ್ರ ವಿಲ್ಸನ್‌ನನ್ನು ಬಿಡಲಿಲ್ಲ. ಶ್ವಾಸಕೋಶ ಕೆಟ್ಟಿತು. ಕೊನೆಯ ವಾರಗಳಲ್ಲಿ, 36 ವರ್ಷ ಕುಡಿಯದೆ ಇದ್ದ ಮೇಲೆ, ನರ್ಸುಗಳ ಬಳಿ ವಿಸ್ಕಿ ಕೇಳಿದ. ಕೊಡಲಿಲ್ಲ. 1971ರ ಜನವರಿ 24ರಂದು, ಮದುವೆಯ ದಿನವೇ, ಮಯಾಮಿಯಲ್ಲಿ ತೀರಿಕೊಂಡ. ಅವನಿಗೆ ದಾರಿ ತೋರಿಸಿದ ಎಬಿ ವರ್ಷಗಟ್ಟಲೆ ಬಿಟ್ಟು ಹಿಡಿದು ಮಾಡಿ 1966ರಲ್ಲಿ ಸತ್ತಿದ್ದ. ಆ ಮುದುಕ ಕೇಳಿದ ವಿಸ್ಕಿ ನನಗೆ ಈ ಇಡೀ ಬದುಕಿನ ಅತ್ಯಂತ ಪ್ರಾಮಾಣಿಕ ವಿವರ ಅನ್ನಿಸುತ್ತೆ. ಚಟದಿಂದ ಚೇತರಿಕೆ ಅಂದರೆ ಒಂದು ದಿನ ಪಾಸಾಗಿ ಸರ್ಟಿಫಿಕೇಟ್ ತಗೊಳ್ಳೋ ಪರೀಕ್ಷೆ ಅಲ್ಲ. ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ ಇದು ಮೆಂಟೆನೆನ್ಸ್. ಸೇತುವೆ ಉದ್ಘಾಟನೆ ಆದ ಮೇಲೂ ಪ್ರತಿ ವರ್ಷ ನೋಡಬೇಕು.

ದೇವರ ಮಾತಿನ ಬಗ್ಗೆ ನಿಮ್ಮಲ್ಲಿ ಅನೇಕರಿಗೆ ತಕರಾರು ಇರುತ್ತೆ. ಅದೇ ತಕರಾರು ಶುರುವಿನ ಸದಸ್ಯರಲ್ಲೂ ಇತ್ತು. ನಾಸ್ತಿಕರು ಜಗಳ ಮಾಡಿ, ದೇವರನ್ನು ಅವರವರು ಅರ್ಥ ಮಾಡಿಕೊಂಡಂತೆ ಅಂತ ತಿದ್ದಿಸಿದರು. ಎಎ ಒಂದೇ ದಾರಿಯೂ ಅಲ್ಲ. ಆದರೆ ದಾರಿ ಕೆಲಸ ಮಾಡುತ್ತಾ ಅನ್ನೋ ಪ್ರಶ್ನೆಗೆ ಉತ್ತರ ಇದೆ. 27 ಅಧ್ಯಯನಗಳ, 10,565 ಜನರ ಮಾಹಿತಿ ಸೇರಿಸಿ ನೋಡಿದ 2020ರ ಕೊಕ್ರೇನ್ ಪರಿಶೀಲನೆ, ಎಎಗೆ ಜೋಡಿಸೋ ವ್ಯವಸ್ಥಿತ ಚಿಕಿತ್ಸೆ ಪೂರ್ತಿ ಕುಡಿತ ಬಿಡಿಸೋದರಲ್ಲಿ ಬೇರೆ ಸ್ಥಾಪಿತ ಚಿಕಿತ್ಸೆಗಳಿಗಿಂತ ಮುಂದಿದೆ ಅಂತ ಹೇಳಿತು.

ಈಗ ನಮ್ಮ ಕೋರ್ಟಿಗೆ ಬನ್ನಿ

2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಸುಮಾರು 13,000 ವಕೀಲರನ್ನು ಕೇಳಿತು. 20.6 ಶೇಕಡಾ ಜನರ ಕುಡಿತ ಅಪಾಯದ ಮಟ್ಟದಲ್ಲಿತ್ತು. ವೃತ್ತಿಯ ಮೊದಲ ಹತ್ತು ವರ್ಷದಲ್ಲಿ ಇರುವವರಲ್ಲಿ ಇನ್ನೂ ಜಾಸ್ತಿ. ಸಹಾಯ ಯಾಕೆ ಕೇಳಲಿಲ್ಲ ಅಂದಾಗ ಮುಖ್ಯವಾಗಿ ಬಂದ ಕಾರಣ ಒಂದೇ: ಯಾರಿಗಾದರೂ ಗೊತ್ತಾಗುತ್ತೆ.

ಇದು ಅರ್ಥವಾಗೋಕೆ ಸಮೀಕ್ಷೆಯೂ ಬೇಡ. ವಕೀಲನ ಬಂಡವಾಳ ಹೆಸರು. ಕಕ್ಷಿದಾರ ಖಾನಾಪುರದ ಕಾಡಂಚಿನ ಊರಿಂದ ಬಸ್ಸು ಹತ್ತಿ ಬರ್ತಾನೆ, ಜಮೀನಿನ ಕಾಗದ ಕೈಯಲ್ಲಿಡ್ತಾನೆ. ವಕೀಲರು ತಾರೀಖು ತಪ್ಪಿಸಿದರೆ, ಮಧ್ಯಾಹ್ನದ ಮೇಲೆ ಮಾತು ತೊದಲಿದರೆ, ಹೋಗೋದು ಅವನ ಹೊಲ, ಅವನ ಜಾಮೀನು. ಜೂನಿಯರ್ ನೋಡ್ತಾನೆ, ಸುಮ್ಮನಿರ್ತಾನೆ. ಗುಮಾಸ್ತ ಹೊಸ ತಾರೀಖು ತಗೊಂಡು ಸಂಭಾಳಿಸ್ತಾನೆ. ಎಲ್ಲರೂ ಪ್ರೀತಿಯಿಂದಲೇ ಮುಚ್ಚಿಡ್ತಾರೆ, ಆ ಪ್ರೀತಿಯಲ್ಲೇ ಮನುಷ್ಯ ಮುಗಿದು ಹೋಗ್ತಾನೆ.

ನಮ್ಮ ಸರ್ಕಾರದ ಕಡೆ ನೋಡಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ. ಬಡವರ ಬಾಟ್ಲಿ ಹೋಯಿತು, ಅಂಗಡಿಯ ಬ್ರ್ಯಾಂಡ್ ಬಾಟ್ಲಿ ಉಳಿಯಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ. ಖಾನಾಪುರ ತಾಲ್ಲೂಕಿನ ಕಣಕುಂಬಿ ಚೆಕ್‌ಪೋಸ್ಟಿನಲ್ಲಿ ಅಬಕಾರಿಯವರು ಗೋವಾ ಬಾಟ್ಲಿಗಾಗಿ ವಾಹನ ತಡಕಾಡೋದು ನಮಗೆಲ್ಲ ಗೊತ್ತು. ಅಲ್ಲಿ ಹಿಡಿಯೋದು ತೆರಿಗೆ ಕಟ್ಟದ ಮದ್ಯವನ್ನ. 2019ರ ಜನವರಿಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದು ಮದ್ಯ ನಿಲ್ಲಿಸಿ ಅಂದರು. ನಡೆದವರ ಪಾದಕ್ಕೆ ಬೊಬ್ಬೆ ಬಂತು, ಗುರಿ ಮಾತ್ರ ವರ್ಷ ವರ್ಷ ಏರಿತು.

ಚಿಕಿತ್ಸೆ ಎಷ್ಟು ಜನರಿಗೆ? ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಪ್ರಕಾರ, ಮದ್ಯದ ಚಟಕ್ಕೆ ಬಿದ್ದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನ ಎಲ್ಲಿದ್ದಾರೆ? ಒಬ್ಬರು ಹೊಲದಲ್ಲಿ, ಒಬ್ಬರು ಸೆರೆಯಲ್ಲಿ, ಒಬ್ಬರು ಆಪರೇಷನ್ ಥಿಯೇಟರಿನಲ್ಲಿ ಅಂದರೆ ಆಶ್ಚರ್ಯ ಬೇಡ.

ನಮ್ಮಲ್ಲೂ ದಾರಿಗಳಿವೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ಸುತ್ತಿ, ದುಡ್ಡಿನ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳು ಹಳ್ಳಿಹಳ್ಳಿಯಲ್ಲಿ ನಡೆದು, ಆಮೇಲೆ ನವಜೀವನ ಸಮಿತಿಗಳಲ್ಲಿ ಕುಡಿತ ಬಿಟ್ಟವರೇ ಸೇರ್ತಾರೆ. ಎಎ 1957ರಲ್ಲಿ ಭಾರತಕ್ಕೆ ಬಂದು ಕರ್ನಾಟಕದಲ್ಲೂ ಗುಂಪುಗಳಿವೆ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಆದರೆ ಊರ ಮುಂದೆ ಜೋಳಿಗೆಗೆ ಬಾಟ್ಲಿ ಹಾಕೋ ಧೈರ್ಯ ಸೆಷನ್ಸ್ ಕೋರ್ಟಿನ ವಕೀಲರಿಗೆ ಬರೋದು ಕಷ್ಟ. ಅವರಿಗೆ ಬಾಗಿಲು ಮುಚ್ಚಿದ ಕೋಣೆ ಬೇಕು, ಆ ಕೋಣೆಯಲ್ಲಿ ಇನ್ನೊಬ್ಬ ವಕೀಲ ಬೇಕು. ಅಮೆರಿಕದಲ್ಲಿ ಎಎ ಸದಸ್ಯರಾದ ವೈದ್ಯರು 1949ರಲ್ಲೇ, ವಕೀಲರು 1975ರಲ್ಲಿ ತಮ್ಮದೇ ಬಳಗ ಮಾಡಿಕೊಂಡಿದ್ದು ಇದಕ್ಕೇ.

ಫಲಿತಾಂಶವೂ ಕಣ್ಣ ಮುಂದಿದೆ. ಅಲ್ಲಿನ 16 ರಾಜ್ಯಗಳ ವೈದ್ಯರ ನೆರವು ಯೋಜನೆಗಳಿಗೆ ಸೇರಿದ 904 ವೈದ್ಯರನ್ನು ಐದು ವರ್ಷ ಹಿಂಬಾಲಿಸಿದ ಅಧ್ಯಯನ 2008ರಲ್ಲಿ ಬಂತು. 78 ಶೇಕಡಾ ವೈದ್ಯರ ಪರೀಕ್ಷೆಯಲ್ಲಿ ಐದು ವರ್ಷ ಒಂದು ಸಲವೂ ಮದ್ಯ, ಮಾದಕ ವಸ್ತು ಸಿಗಲಿಲ್ಲ. ಗುಟ್ಟೇನಿಲ್ಲ: ಚಿಕಿತ್ಸೆ, ಆಗಾಗ ಪರೀಕ್ಷೆ, ಜೊತೆಗಾರರ ಗುಂಪು, ವರ್ಷಗಟ್ಟಲೆ ಬೆನ್ನು ಹತ್ತೋದು, ಸರಿಯಾಗಿ ನಡೆದುಕೊಂಡರೆ ಕೆಲಸಕ್ಕೆ ಮರಳೋ ಭರವಸೆ. ನಾವು ಮಾಡೋದು ಮೂವತ್ತು ದಿನ ಎಲ್ಲೋ ಸೇರಿಸಿ, ಊರಿಗೆ ಜಾಂಡೀಸ್ ಅಂತ ಹೇಳಿ, ಮನೆಗೆ ಕರೆತಂದು ಸುಮ್ಮನಾಗೋದು.

ಕಾನೂನು ಕೂಡ ಇದೆ, ವಕೀಲರೇ ಓದಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳೂ ಸೇರಿವೆ. ಚಿಕಿತ್ಸೆಯ ಮಾಹಿತಿ ಗುಟ್ಟಾಗಿಡೋದು ರೋಗಿಯ ಹಕ್ಕು. ದೇಹದ ಕಾಯಿಲೆಗೆ ಕೊಟ್ಟಂತೆಯೇ ವಿಮೆ ಕೊಡಬೇಕು ಅಂತಲೂ ಅದರಲ್ಲಿದೆ.

ಹಾಗಾದರೆ ಏನು ಕೇಳೋಣ? 2023ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ವಕೀಲರ ಮೇಲಿನ ಹಲ್ಲೆ ತಡೆಯೋ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಒಳ್ಳೇದೇ. ಹೊರಗಿನ ಹೊಡೆತಕ್ಕೆ ಕಾನೂನು ತಂದವರು ಒಳಗಿನ ಹೊಡೆತಕ್ಕೂ ಏನಾದರೂ ಮಾಡಲಿ. 1983ರ ಕಾಯ್ದೆಯಡಿ ವಕೀಲರ ಕಲ್ಯಾಣ ನಿಧಿ ಇದೆ. ವಕೀಲರ ಪರಿಷತ್ತು ಗೌಪ್ಯ ನೆರವು ವ್ಯವಸ್ಥೆ ಮಾಡಲಿ: ಶಿಸ್ತು ಸಮಿತಿಗೆ ಮಾಹಿತಿ ಹೋಗದ ಒಂದು ಫೋನ್ ನಂಬರ್, ಚಿಕಿತ್ಸೆಯ ಅವಧಿಯಲ್ಲಿ ಕೇಸುಗಳನ್ನು ಫೀಸು ಕಸಿಯದೆ ನೋಡಿಕೊಳ್ಳೋ ಸಹೋದ್ಯೋಗಿಗಳ ಪಟ್ಟಿ, ವಾರಕ್ಕೊಂದು ಸಂಜೆ ಒಂದು ಕೋಣೆ. ಬಾಟ್ಲಿಯಿಂದ ಬರೋ 40,000 ಕೋಟಿಯಲ್ಲಿ ಒಂದು ಪಾಲು ಕಾನೂನಿನ ಮೂಲಕವೇ ಜಿಲ್ಲಾಸ್ಪತ್ರೆಗಳ ವ್ಯಸನ ಚಿಕಿತ್ಸೆಗೆ ಮೀಸಲಾಗಲಿ. ವಕೀಲರಿಗೆ ಒಂದು ಕೋಣೆ, ಕೂಲಿ ಕಾರ್ಮಿಕರಿಗೆ ಗಟಾರ ಅನ್ನೋ ಹಾಗೆ ಆಗಬಾರದು. ದುಡ್ಡು ಇಬ್ಬರ ಬಾಟ್ಲಿಯಿಂದಲೂ ಬಂದಿದೆ.

ಒಂದು ಎಚ್ಚರಿಕೆ ಹೇಳದೆ ಹೋಗಬಾರದು. ವರ್ಷಗಟ್ಟಲೆ ದಿನಾಲೂ ಕುಡಿದವರು ಒಂದೇ ಸಲ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೂ ಅಪಾಯ. ಡಾಕ್ಟರ ಕೈಯಲ್ಲೇ ಬಿಡಬೇಕು. ಸರ್ಕಾರದ ಟೆಲಿ-ಮಾನಸ್ ನಂಬರ್ 14416, ಕನ್ನಡದಲ್ಲೂ ಮಾತಾಡ್ತಾರೆ, ಕಾಸು ಬೇಡ.

ವಿಲ್ಸನ್ ಮಾಡಿದ್ದು ಕೊನೆಗೂ ಸಣ್ಣ ಕೆಲಸ. ಬಾರಿನ ಬಾಗಿಲಿನ ಬದಲು ಟೆಲಿಫೋನಿನ ಕಡೆ ನಡೆದ. ಆದರೆ ಆ ಊರಲ್ಲಿ ಫೋನು ಎತ್ತೋಕೆ ಒಬ್ಬರಿದ್ದರು. ಈ ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದ ದೀಪ ಹತ್ತಿದಾಗ ನಮ್ಮ ಶಾಸಕರನ್ನ ಕೇಳಬೇಕಾದ ಪ್ರಶ್ನೆ ಇಷ್ಟೇ: ಬೆಳಗಾವಿಯಲ್ಲಿ ರಾತ್ರಿ ಹತ್ತು ಗಂಟೆಗೆ ಒಬ್ಬ ಜೂನಿಯರ್ ವಕೀಲ ಫೋನ್ ಮಾಡಿದರೆ, ಈ ಕಡೆಯಿಂದ ಎತ್ತೋರು ಯಾರು?